ಹಳೆ ಕಾರಿನ ಎಂಜಿನ್ ಬಣ್ಣ ಕಂದಿದಾಗ: ಸ್ಪ್ರೇ ಗನ್ ಹಿಡಿಯುವ ಮೊದಲು, ಹಿಡಿದ ಮೇಲೆ

ನಮ್ಮ ತಂದೆ ಓಡಿಸುತ್ತಿದ್ದ 1977ರ ಮಾರ್ಕ್ 3 ಅಂಬಾಸಡರ್ ಕಾರನ್ನು ಎರಡು ವರ್ಷ ಒದ್ದಾಡಿ ಮತ್ತೆ ರಸ್ತೆಗೆ ತಂದೆ. ಎಂಜಿನ್‌ಗೆ ತಿಳಿ ಹಸಿರು ಬಣ್ಣ ಹೊಡೆಸಿದ್ದೆ. ಬಾನೆಟ್ ಎತ್ತಿದರೆ ಹಬ್ಬಕ್ಕೆ ತಿಕ್ಕಿಟ್ಟ ಪಾತ್ರೆ ಹಾಗೆ ಹೊಳೆಯುತ್ತಿತ್ತು. ಮೇ ತಿಂಗಳಲ್ಲಿ ಅದೇ ಕಾರಿನಲ್ಲಿ ಬಳ್ಳಾರಿಯಿಂದ ಸಿರುಗುಪ್ಪ ದಾರಿ ಹಿಡಿದು ರಾಯಚೂರಿಗೆ ಒಂದು ಮದುವೆಗೆ ಹೋಗಿ ಬಂದೆವು. ಮಾರನೆ ದಿನ ಬಾನೆಟ್ ಎತ್ತಿದಾಗ ಹೊಟ್ಟೆ ಚುರುಕ್ ಅಂತು.

ಎಂಜಿನ್ ಮೇಲ್ಭಾಗದ ಹೆಡ್‌ಗೆ, ಹೊಗೆ ಹೊರಹಾಕುವ ಕೊಳವೆ ಅಂದರೆ ಮ್ಯಾನಿಫೋಲ್ಡ್ ಕೂರುವ ಬದಿಯಲ್ಲಿ ಮೂರು ಕಲೆ. ಎರಡು ತುದಿಯಲ್ಲಿ ಎರಡು ಸಣ್ಣವು, ನಡುವೆ ಒಂದು ಅಂಗೈ ಅಗಲದ್ದು. ನಡುವಿನ ಕಲೆಯ ಅಂಚಿನಲ್ಲಿ ಹಸಿರು ಒಣಗಿದ ಬೇವಿನೆಲೆ ಬಣ್ಣಕ್ಕೆ ತಿರುಗಿತ್ತು. ಅದರ ಒಳಗೆ ಎರಡು ಬೆರಳಿನಷ್ಟು ಕಂದು ಪಟ್ಟಿ. ಪೂರ್ತಿ ಒಳಗೆ, ಎರಡರ ಸಂದಿಗೆ ಹಾಕುವ ಗ್ಯಾಸ್ಕೆಟ್ ಪಕ್ಕ, ಹಂಚಿನ ಮೇಲೆ ಮರೆತ ಜೋಳದ ರೊಟ್ಟಿ ಹಾಗೆ ಕಪ್ಪು. ಉಗುರು ತಾಗಿಸಿದರೆ ಹುಡಿಯಾಗಿ ಉದುರುತ್ತಿತ್ತು.

ಆಗ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಉಜ್ಜಿ ಮತ್ತೆ ಅದೇ ಬಣ್ಣ ಹೊಡೆದೆ. ಮೂರು ವಾರದಲ್ಲಿ ಅದೇ ಜಾಗದಲ್ಲಿ ಅದೇ ಕಲೆ. ಆಮೇಲೆ ಕೌಲ್ ಬಜಾರ್ ಕಡೆಯ ಒಬ್ಬ ಹಳೆ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಬಣ್ಣದ ಕಡೆ ನೋಡಲೇ ಇಲ್ಲ. ರೇಡಿಯೇಟರ್ ಮುಚ್ಚಳ ಬಿಚ್ಚಿ ಒಳಗೆ ಬೆರಳಾಡಿಸಿ, "ಅಣ್ಣ, ಬಣ್ಣ ಆಮ್ಯಾಲೆ ಹೊಡ್ಯಾಣ. ಮೊದ್ಲು ಇದ್ರ ಹೊಟ್ಟೆಗೆ ನೀರು ಸರಿಯಾಗಿ ಹೋಗ್ತೈತಾ ನೋಡ್ರಿ" ಅಂದರು. ಈ ಬರಹ ಅಲ್ಲಿಂದ ಕಲಿತದ್ದು. ಅಂಬಾಸಡರ್, ಪದ್ಮಿನಿ, ಹಳೆ ಜೀಪು ಯಾವುದೇ ಇರಲಿ, ಕೆಲಸದ ಕ್ರಮ ಒಂದೇ.

ಮೊದಲು ಒರೆಸಿ ನೋಡಿ

ಕಂದು ಕಂಡದ್ದೆಲ್ಲ ಸುಟ್ಟ ಬಣ್ಣ ಅಲ್ಲ. ಹೆಡ್ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್‌ನಿಂದ ಸೋರಿದ ಆಯಿಲ್ ಬಿಸಿ ಹೆಡ್ ಮೇಲೆ ಇಳಿದು, ಕಾದು ಕಾದು ಅಂಟಾಗಿ, ಕೊನೆಗೆ ವಾರ್ನಿಶ್ ಥರ ಗಟ್ಟಿಯಾಗುತ್ತೆ. ನೋಡೋಕೆ ಥೇಟ್ ಸುಟ್ಟ ಬಣ್ಣವೇ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಬಟ್ಟೆಗೆ ಸ್ವಲ್ಪ ಡೀಸೆಲ್ ಅಥವಾ ಸೀಮೆಎಣ್ಣೆ ಹಾಕಿ ಕಲೆ ಮೇಲೆ ಐದು ನಿಮಿಷ ಒತ್ತಿಡಿ, ಆಮೇಲೆ ಒರೆಸಿ. ಬಟ್ಟೆ ಕಂದಾಗಿ, ಕೆಳಗೆ ಮೂಲ ಬಣ್ಣ ಕಂಡರೆ ನಿಮ್ಮ ಕೆಲಸ ಅರ್ಧ ಮುಗಿಯಿತು. ಗ್ಯಾಸ್ಕೆಟ್ ಬದಲಿಸಿ, ತೊಳೆಯಿರಿ, ಅಷ್ಟೇ.

ಬರದಿದ್ದರೆ ರಬ್ಬಿಂಗ್ ಕಾಂಪೌಂಡ್ ತಗೊಂಡು ಒಂದು ರೂಪಾಯಿ ನಾಣ್ಯದಷ್ಟು ಜಾಗ ಉಜ್ಜಿ. ಮೇಲ್ಪದರ ಮಾತ್ರ ಕಂದಿದ್ದರೆ ಇಲ್ಲಿಗೇ ಸರಿಹೋಗುತ್ತೆ. ಉಜ್ಜಿದಷ್ಟೂ ಕಂದೇ ಬರುತ್ತಿದ್ದರೆ ಬಣ್ಣ ತಳದವರೆಗೆ ಸುಟ್ಟಿದೆ ಎಂದರ್ಥ. ಅದಕ್ಕೆ ಪಾಲಿಶ್‌ನಲ್ಲಿ ಔಷಧಿ ಇಲ್ಲ.

ಕಲೆ ಎಲ್ಲಿದೆ, ಯಾವ ಆಕಾರದಲ್ಲಿದೆ

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಫೋನ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಉಜ್ಜಿದರೆ ಸುಳಿವೇ ಹೋಗಿಬಿಡುತ್ತೆ.

ನನ್ನ ಕಾರಿನ ಮೂರು ಕಲೆಗೆ ಅರ್ಥ ಇತ್ತು. ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಮೂಲತಃ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್. ನಾಲ್ಕು ಸಿಲಿಂಡರ್ ಇದ್ದರೂ ಹೊಗೆ ಹೊರಬರುವ ದಾರಿ ಮೂರೇ. ಒಂದನೇ ಮತ್ತು ನಾಲ್ಕನೇ ಸಿಲಿಂಡರಿಗೆ ತಲಾ ಒಂದು. ನಡುವಿನ ಎರಡು ಸಿಲಿಂಡರಿಗೆ ಸೇರಿ ಒಂದೇ ಒಂದು. ಅಂದರೆ ನಡುವಿನ ಬಾಯಿಯಿಂದ ಎರಡು ಪಾಲು ಬೆಂಕಿ ಹೋಗುತ್ತೆ. ಅದಕ್ಕೇ ಅಲ್ಲಿ ಕಲೆ ದೊಡ್ಡದು. ಚೆನ್ನಾಗಿರುವ ಎಂಜಿನ್‌ನಲ್ಲೂ ಆ ಜಾಗ ಸ್ವಲ್ಪ ಕಂದುತ್ತೆ. ಓಡುವ ಕಾರಿಗೆ ಅದು ಸಹಜ, ನಾನಾದರೆ ಅಷ್ಟನ್ನು ಹಾಗೇ ಬಿಡುತ್ತೇನೆ. ಆದರೆ ಅಂಗೈ ಅಗಲ ಕಪ್ಪಾಗುವುದು ಸಹಜ ಅಲ್ಲ.

ಗ್ಯಾಸ್ಕೆಟ್ ಅಂಚಿನಿಂದ ಕಪ್ಪು ಮಸಿ ಬಾಲದ ಹಾಗೆ ಚಾಚಿದ್ದರೆ ಅಲ್ಲಿ ಹೊಗೆ ಲೀಕ್ ಇದೆ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದಾಗ "ಟಿಕ್ ಟಿಕ್" ಸದ್ದು ಬಂದು, ಕಾದ ಮೇಲೆ ಕಡಿಮೆಯಾದರೆ ಅನುಮಾನವೇ ಬೇಡ. ಹೆಡ್ ಕೆಳಗೆ ಸಿಲಿಂಡರ್‌ಗಳಿರುವ ಬ್ಲಾಕ್ ಪೂರ್ತಿ ಒಂದೇ ಸಮ ಮಬ್ಬಾಗಿದ್ದರೆ ಎಂಜಿನ್ ಬಹಳ ದಿನದಿಂದ ಜಾಸ್ತಿ ಬಿಸಿಯಾಗಿ ಓಡಿದೆ. ಹಿಂದಿನ ಸಿಲಿಂಡರ್ ಪಕ್ಕ ಮಾತ್ರ ಮಬ್ಬಾಗಿದ್ದರೆ ನೀರಿನ ದಾರಿಯಲ್ಲಿ ಕೆಸರು ಕೂತಿರಬಹುದು. ನೀರಿನ ಪಂಪ್ ಇರುವುದು ಮುಂದೆ. ತುಕ್ಕು, ಮಣ್ಣು ಹೋಗಿ ಸೇರುವುದು ಹಿಂದಿನ ಮೂಲೆಗೆ. ಇನ್ನು ಬಣ್ಣ ಕಂದದೆ ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಬಂದಿದ್ದರೆ ಅದು ಸಾಮಾನ್ಯವಾಗಿ ಶಾಖದ ತಪ್ಪಲ್ಲ. ಬಣ್ಣ ಹೊಡೆಯುವಾಗ ಕೆಳಗೆ ಎಣ್ಣೆ ಜಿಡ್ಡು ಉಳಿದಿತ್ತು.

ಶಾಖದ ಅಳತೆ ಬೇಕೆಂದರೆ ಇನ್ಫ್ರಾರೆಡ್ ಥರ್ಮಾಮೀಟರ್ ಗನ್ ತಗೊಳ್ಳಿ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇಲ್ಲಿ ನಡೆಯಲ್ಲ, ಅದರ ಅಳತೆ ಜ್ವರದ ಆಚೆ ಹೋಗುವುದಿಲ್ಲ. ಕಾರ್ಖಾನೆ ಕೆಲಸದ್ದು ಬೇಕು. ಬಣ್ಣ ಹೊಡೆದ ಅಥವಾ ಮಾಸಿದ ಮೈ ಮೇಲೆ ಹಿಡಿಯಿರಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಇರುವುದಕ್ಕಿಂತ ತುಂಬಾ ಕಡಿಮೆ ತೋರಿಸಿ ಮೋಸ ಮಾಡುತ್ತೆ.

ಶಾಖದ ಕಾರಣ ಸರಿಪಡಿಸಿ

ನಮ್ಮ ಕಡೆ ಮೊದಲ ಅನುಮಾನ ನೀರಿನ ಮೇಲೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಬೋರ್ ನೀರು ಎಂಥ ಗಡಸು ಅಂತ ನೀರು ಕಾಯಿಸುವ ಹಂಡೆ ಬಗ್ಗಿಸಿ ನೋಡಿದರೆ ಗೊತ್ತಾಗುತ್ತೆ. ತಳದಲ್ಲಿ ಬಿಳಿ ಸುಣ್ಣದ ಪದರ. ನಾವು ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದದ್ದೂ ಅದೇ ನೀರು, ಅಲ್ವಾ? ಅದೇ ಸುಣ್ಣ ಎಂಜಿನ್ ಒಳಗಿನ ನೀರಿನ ದಾರಿಯಲ್ಲೂ ಕೂರುತ್ತೆ. ಕಬ್ಬಿಣದ ಮುಂದೆ ಈ ಸುಣ್ಣ ಶಾಖ ಸಾಗಿಸುವುದು ತೀರಾ ಕಡಿಮೆ. ನೀರು ತಣ್ಣಗೇ ಇದ್ದರೂ ಹೆಡ್‌ನ ಹೊರಮೈ ಸುಡುತ್ತಿರುತ್ತೆ. ಮೀಟರ್ ಮುಳ್ಳು ನಡುವೆಯೇ ನಿಂತಿರುತ್ತೆ, ಬಣ್ಣ ಮಾತ್ರ ಕಂದುತ್ತೆ.

ತೆಗೆಯುವುದು ಹೀಗೆ. ರೇಡಿಯೇಟರ್ ಮತ್ತು ಬ್ಲಾಕ್ ಪಕ್ಕದ ನಲ್ಲಿ ಎರಡನ್ನೂ ತೆರೆದು ಹಳೆ ನೀರು ಬಸಿಯಿರಿ. ಬ್ಲಾಕ್ ನಲ್ಲಿಯಿಂದ ನೀರು ಬರದಿದ್ದರೆ ಒಳಗೆ ಕೆಸರು ತುಂಬಿದೆ, ತಂತಿ ಹಾಕಿ ಕೆದಕಿ. ಆಮೇಲೆ ನಿಂಬೆಉಪ್ಪು (ಸಿಟ್ರಿಕ್ ಆಸಿಡ್) ಲೀಟರಿಗೆ 30ರಿಂದ 40 ಗ್ರಾಂ ಲೆಕ್ಕದಲ್ಲಿ ಕರಗಿಸಿ ತುಂಬಿ, ಎಂಜಿನ್ ಅರ್ಧ ಗಂಟೆ ಸ್ಲೋನಲ್ಲಿ ಓಡಿಸಿ. ಪೂರ್ತಿ ತಣ್ಣಗಾದ ಮೇಲೆ ಬಸಿಯಿರಿ. ಕಾಫಿ ಬಣ್ಣದ ನೀರು ಬರುತ್ತೆ. ಸಾದಾ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆಯಿರಿ. ಕೊನೆಗೆ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು ಕ್ಯಾನ್ ಲೆಕ್ಕದಲ್ಲಿ ಸಿಗುತ್ತೆ, ಅದೇ ಸಾಕು. ಒಂದು ಎಚ್ಚರಿಕೆ: ಬ್ಲಾಕ್ ಪಕ್ಕದ ದುಂಡನೆ ತಗಡಿನ ಪ್ಲಗ್‌ಗಳು ತುಕ್ಕು ಹಿಡಿದಿದ್ದರೆ, ಸುಣ್ಣ ಹೋದ ಮೇಲೆ ಅಲ್ಲಿಂದ ನೀರು ಜಿನುಗಬಹುದು. ಬಣ್ಣ ಹೊಡೆಯುವ ಮೊದಲೇ ಅದು ಗೊತ್ತಾಗುವುದು ಒಳ್ಳೆಯದು.

ಎರಡನೆಯದು ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು. ಕಿಡಿ ತಡವಾಗಿ ಹಾರಿದರೆ ಪೆಟ್ರೋಲ್ ಸಿಲಿಂಡರ್ ಒಳಗೆ ಪೂರ್ತಿ ಉರಿಯದೆ ಹೊಗೆ ದಾರಿಯಲ್ಲಿ ಉರಿಯುತ್ತಾ ಹೋಗುತ್ತೆ. ಮ್ಯಾನಿಫೋಲ್ಡ್ ಕೆಂಡವಾಗುತ್ತೆ. ಕತ್ತಲಲ್ಲಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ಬಾನೆಟ್ ಎತ್ತಿ. ಸುಮ್ನೆ ಸ್ಲೋನಲ್ಲಿ ನಿಂತಾಗಲೂ ಮ್ಯಾನಿಫೋಲ್ಡ್ ಕೆಂಪಗೆ ಕಂಡರೆ ಬಣ್ಣದ ಮಾತು ಬಿಟ್ಟು ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ನೋಡಿಸಿ.

ಮೂರನೆಯದು ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬುರೇಟರ್. ಸ್ಪಾರ್ಕ್ ಪ್ಲಗ್ ತೆಗೆದು ತುದಿ ನೋಡಿ. ಬಿಸ್ಕತ್ ಬಣ್ಣ ಇದ್ದರೆ ಸರಿ. ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಎಥನಾಲ್ ಒಳಗೇ ಆಮ್ಲಜನಕ ಇರುವುದರಿಂದ, ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಬಿಡುವ ಹಳೆ ಜೆಟ್ ಹಾಗೇ ಇದ್ದರೆ ಮಿಶ್ರಣ ಇನ್ನೂ ತೆಳ್ಳಗಾಗುತ್ತೆ. ಇಂಜೆಕ್ಷನ್ ಕಾರಿನ ಕಂಪ್ಯೂಟರ್ ತಾನೇ ಸರಿಮಾಡಿಕೊಳ್ಳುತ್ತೆ. ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ, ನಾವೇ ಟ್ಯೂನ್ ಮಾಡಬೇಕು.

ನನ್ನ ಕಾರಿನಲ್ಲಿ ಮೂರರಲ್ಲಿ ಎರಡು ಇದ್ದವು, ಸುಣ್ಣ ಮತ್ತು ತಡವಾದ ಕಿಡಿ.

ಯಾವ ಜಾಗಕ್ಕೆ ಯಾವ ಬಣ್ಣ

ಇಲ್ಲೇ ನನಗೆ ಮೊದಲ ಸಲ ಮೋಸವಾಗಿದ್ದು. ಹೊಡೆದುಕೊಟ್ಟವರು ಕಾರಿನ ಬಾಡಿ ಮೇಲೆ ಹೊಡೆಯುವ ಬಣ್ಣವನ್ನೇ ಎಂಜಿನ್‌ಗೂ ಹೊಡೆದಿದ್ದರು. "ಸಾರ್, ಇದೂ ಬಣ್ಣವೇ" ಅಂದರು. ಬಣ್ಣವೇ, ನಿಜ. ಆದರೆ ಬಣ್ಣದಲ್ಲಿ ಎರಡು ಭಾಗ ಇರುತ್ತೆ, ಬಣ್ಣದ ಪುಡಿ ಮತ್ತು ಅದನ್ನು ಹಿಡಿದಿಡುವ ಅಂಟು. ಸಾದಾ ಸಿಂಥೆಟಿಕ್ ಎನಾಮೆಲ್‌ನ ಅಂಟು 100 ಡಿಗ್ರಿ ಆಸುಪಾಸಿನಲ್ಲೇ ಹಳದಿಯಾಗಲು ಶುರು. ಇನ್ನೂ ಕಾದರೆ ಕಂದು, ಆಮೇಲೆ ಹುಡಿ. ಸಿಲಿಕೋನ್ ಅಂಟಿನ ಹೈ ಹೀಟ್ ಪೇಂಟ್ 600 ಡಿಗ್ರಿವರೆಗೂ ತಡೆಯುತ್ತೆ. ನಡುವೆ ಎಂಜಿನ್ ಎನಾಮೆಲ್ ಅಂತ ಬರುತ್ತೆ, ಅದು ಸಾಮಾನ್ಯವಾಗಿ 150ರಿಂದ 250 ಡಿಗ್ರಿವರೆಗೆ. ಡಬ್ಬಿ ಮೇಲೆ ಬರೆದಿರುತ್ತೆ, ಓದಿ. ಮೇಲೆ ಎರಡು ಅಂಕಿ ಇದ್ದರೆ ಚಿಕ್ಕದನ್ನೇ ನಂಬಿ. ದೊಡ್ಡದು ಸ್ವಲ್ಪ ಹೊತ್ತು ತಡೆಯುವ ಶಾಖ.

ಪುಡಿಯೂ ಮುಖ್ಯ. ಬಿಳಿ, ಕೆನೆ, ತಿಳಿ ಬಣ್ಣದಲ್ಲಿ ಸ್ವಲ್ಪ ಹಳದಿಯಾದರೂ ಎದ್ದು ಕಾಣುತ್ತೆ. ಹೊಳೆಯುವ ಕೆಂಪುಗಳು ಬೇಗ ಮಂಕಾಗುತ್ತವೆ. ಕಪ್ಪು, ಬೂದು, ಬೆಳ್ಳಿ ಬಣ್ಣ ತಡೆಯುತ್ತವೆ. ಕಬ್ಬಿಣದ ಆಕ್ಸೈಡ್‌ನ ಕೆಂಪು, ಅಂದರೆ ಸಂಡೂರಿನ ಗುಡ್ಡದ ಅದಿರಿನ ಕೆಂಪು, ಬೆಂಕಿಗೂ ಜಗ್ಗುವುದಿಲ್ಲ. ಅದೇ ಕಬ್ಬಿಣದ ಹಳದಿ ಆಕ್ಸೈಡ್ ಮಾತ್ರ ಕಾದರೆ ಒಳಗಿನ ನೀರಂಶ ಕಳಕೊಂಡು ಕೆಂಪಾಗುತ್ತೆ. ಹಾಗಂತ ಅಂಗಡಿಯ ರೆಡ್ ಆಕ್ಸೈಡ್ ಪ್ರೈಮರ್ ಹೊಡೆಯಬೇಡಿ, ಅದರ ಪುಡಿ ಗಟ್ಟಿ, ಅಂಟು ಅಲ್ಲ.

ಬ್ಲಾಕ್, ಟ್ಯಾಪೆಟ್ ಕವರ್, ಕೆಳಗೆ ಆಯಿಲ್ ನಿಲ್ಲುವ ಸಂಪ್ ಇವಕ್ಕೆಲ್ಲ ಎಂಜಿನ್ ಎನಾಮೆಲ್ ಸಾಕು. ನೀರು ಓಡುವ ಬ್ಲಾಕಿನ ಹೊರಮೈ 100 ಡಿಗ್ರಿ ಆಸುಪಾಸು ಇರುತ್ತೆ. ಹೆಡ್‌ಗೂ ಅದೇ, ಆದರೆ ಹೊಗೆ ಬಾಯಿಗಳ ಸುತ್ತ ಎರಡು ಬೆರಳು ಅಗಲ ಹೈ ಹೀಟ್ ಪೇಂಟ್ ಹೊಡೆದರೆ ಒಳ್ಳೆಯದು. ಮ್ಯಾನಿಫೋಲ್ಡ್‌ಗೆ ಎಂಜಿನ್ ಬಣ್ಣ ಬೇಡವೇ ಬೇಡ. ಏರಿನಲ್ಲಿ ಎಳೆಯುವಾಗ ಅದು 500 ಡಿಗ್ರಿ ದಾಟಬಲ್ಲದು. ಎರಕದ ಕಬ್ಬಿಣದ ಬೂದು ಬಣ್ಣದ ಹೈ ಹೀಟ್ ಪೇಂಟ್ ಹಾಕಿ. ಎಷ್ಟೋ ಕಾರುಗಳಲ್ಲಿ ಮ್ಯಾನಿಫೋಲ್ಡ್‌ಗೂ ಹಸಿರು, ನೀಲಿ ಬಳಿದಿರುವುದು ನೋಡಿ ನನಗೆ ನಿಜವಾಗಿ ಬೇಜಾರಾಗುತ್ತೆ. ಅಷ್ಟು ಕಷ್ಟಪಟ್ಟು ಮಾಡಿದ ಕೆಲಸ ಒಂದೇ ಪ್ರಯಾಣಕ್ಕೆ ಹಾಳು.

ಮೂಲ ಬಣ್ಣ ಯಾವುದಿತ್ತು ಅಂತ ತಿಳಿಯಬೇಕಾದರೆ ಡೈನಮೋ ಬ್ರಾಕೆಟ್ ಬಿಚ್ಚಿ ಅದರ ಹಿಂದೆ ನೋಡಿ. ಎಂಜಿನ್ ನಂಬರ್ ತಗಡಿನ ಕೆಳಗೆ, ಮೌಂಟಿಂಗ್ ಹಿಂದೆ, ಶಾಖ ಬೆಳಕು ಮುಟ್ಟದ ಮೂಲೆಯಲ್ಲಿ ಹಳೆ ಬಣ್ಣ ಉಳಿದಿರುತ್ತೆ. ಅದರ ಪಕ್ಕ ಬಣ್ಣದ ಕಾರ್ಡ್ ಇಟ್ಟು ಬಿಸಿಲಲ್ಲಿ ಹೋಲಿಸಿ. ಟ್ಯೂಬ್‌ಲೈಟ್ ಕೆಳಗೆ ಹೋಲಿಸಿದರೆ ಹಸಿರು ತಪ್ಪುತ್ತೆ.

ಕೆರೆಯುವುದು, ತೊಳೆಯುವುದು

ಬ್ಯಾಟರಿ ವೈರ್ ಬಿಚ್ಚಿ. ಕಾರ್ಬುರೇಟರ್, ಮ್ಯಾನಿಫೋಲ್ಡ್ ಇಳಿಸಿ. ಹಳೆ ಕಾರಿನ ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಜಾಸ್ತಿ. ಒಣಗಿದ್ದಾಗ ಗ್ರೈಂಡರ್ ಹಿಡಿಯಬೇಡಿ. ನೀರು ಹಾಕಿ ನೆನೆಸಿ, ನಿಧಾನ ಕೆರೆದು, ಕವರ್‌ನಲ್ಲಿ ಕಟ್ಟಿ ಬಿಸಾಡಿ. ಮೂಗಿಗೆ ಒಳ್ಳೆ ಮಾಸ್ಕ್ ಇರಲಿ, ಕರ್ಚೀಫ್ ಸಾಲದು. ಹಳೆ ಬಣ್ಣದಲ್ಲಿ ಸೀಸವೂ ಇರಬಹುದು.

ಸುಟ್ಟ ಬಣ್ಣವನ್ನು ವೈರ್ ಬ್ರಶ್‌ನಲ್ಲಿ ಕಬ್ಬಿಣ ಕಾಣುವವರೆಗೆ ತೆಗೆಯಿರಿ. ಗಟ್ಟಿ ಇರುವ ಬಣ್ಣವನ್ನು ತೆಗೆಯುವುದು ಬೇಡ, ಅಂಚನ್ನು ಉಜ್ಜುವ ಕಾಗದದಲ್ಲಿ ನೀರು ಹಾಕಿ ಇಳಿಜಾರು ಮಾಡಿ. 120 ನಂಬರಿನಿಂದ ಶುರುಮಾಡಿ 320ಕ್ಕೆ ನಿಲ್ಲಿಸಿ. ತೀರಾ ನುಣುಪಾದರೆ ಬಣ್ಣಕ್ಕೆ ಹಿಡಿತ ಸಿಗಲ್ಲ.

ಜಿಡ್ಡು ತೆಗೆಯುವುದು ಎಲ್ಲಕ್ಕಿಂತ ದೊಡ್ಡ ಕೆಲಸ. ಎರಕದ ಕಬ್ಬಿಣದ ಮೈಯಲ್ಲಿ ಸಣ್ಣ ಸಣ್ಣ ರಂಧ್ರ, 40 ವರ್ಷ ಆಯಿಲ್ ಕುಡಿದಿರುತ್ತೆ. ಮೊದಲು ಸೋಪಿನ ನೀರು, ಆಮೇಲೆ ಥಿನ್ನರ್. ಹೀಟ್ ಗನ್‌ನಲ್ಲಿ ಮೈ ಸ್ವಲ್ಪ ಬಿಸಿಮಾಡಿದರೆ ಒಳಗಿನ ಆಯಿಲ್ ಬೆವರಿನ ಹಾಗೆ ಮೇಲೆ ಬರುತ್ತೆ. ಅದು ತಣ್ಣಗಾದ ಮೇಲೆ ಮತ್ತೆ ಥಿನ್ನರ್ ಬಟ್ಟೆ. ಹೀಟ್ ಗನ್ ಮತ್ತು ಥಿನ್ನರ್ ಯಾವತ್ತೂ ಒಟ್ಟಿಗೆ ಬೇಡ, ಬೆಂಕಿ ಹತ್ತುತ್ತೆ. ಮುಗಿಯಿತೋ ಇಲ್ಲವೋ ನೋಡಲು ನೀರು ಚಿಮುಕಿಸಿ. ನೀರು ಹಾಳೆಯಂತೆ ಹರಡಿದರೆ ಸರಿ. ಕೆಸುವಿನೆಲೆ ಮೇಲಿನ ಹಾಗೆ ಹನಿಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ, ಮತ್ತೆ ಮೊದಲಿಂದ. ಒರೆಸಿ ಒಣಗಿಸಿದ ದಿನವೇ ಬಣ್ಣ ಹೊಡೆಯಿರಿ. ಮಳೆಗಾಲದಲ್ಲಿ ಬರಿ ಕಬ್ಬಿಣ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತೆ.

ಹೊಡೆಯುವುದು

ನಮ್ಮ ಬಿಸಿಲು ಬಣ್ಣಕ್ಕೆ ಶತ್ರು. 40 ಡಿಗ್ರಿಯಲ್ಲಿ ಮಧ್ಯಾಹ್ನ ಹೊಡೆದರೆ ಗನ್‌ನಿಂದ ಹೊರಟ ಹನಿ ಕಬ್ಬಿಣ ಮುಟ್ಟುವ ಮೊದಲೇ ಅರ್ಧ ಒಣಗುತ್ತೆ. ಕೈ ಆಡಿಸಿದರೆ ಉಪ್ಪಿನ ಕಾಗದದ ಹಾಗೆ ಒರಟು. ಬೇಸಿಗೆಯಲ್ಲಿ ಬೆಳಗ್ಗೆ ಆರರಿಂದ ಎಂಟು, ಅದೇ ಸರಿಯಾದ ಹೊತ್ತು. ಡಬ್ಬಿಯ ಬಣ್ಣಕ್ಕೆ ಸ್ಲೋ ಥಿನ್ನರ್ ಕೇಳಿ ತಗೊಳ್ಳಿ. ಸ್ಪ್ರೇ ಕ್ಯಾನ್ ಆದರೆ ಕಾರಿನ ಡಿಕ್ಕಿಯಲ್ಲಿ ಬಿಡಲೇಬೇಡಿ. 50 ಡಿಗ್ರಿ ಮೇಲೆ ಇಡಬಾರದು ಅಂತ ಅದರ ಮೇಲೇ ಇರುತ್ತೆ, ಮೇ ತಿಂಗಳ ಬಿಸಿಲಲ್ಲಿ ನಿಂತ ಕಾರು ಒಳಗೆ ಅದನ್ನು ದಾಟುತ್ತೆ.

ಧೂಳು ಇನ್ನೊಂದು ಕಾಟ. ತೋರಣಗಲ್ಲು, ಸಂಡೂರು ಕಡೆಯವರಿಗೆ ನಾನು ಹೇಳಬೇಕಿಲ್ಲ. ಅದಿರಿನ ಕೆಂಪು ಧೂಳು ಹಸಿ ಬಣ್ಣದ ಮೇಲೆ ಕೂತರೆ ಚುಕ್ಕೆ ಖಾಯಂ. ನೆಲಕ್ಕೆ ನೀರು ಹೊಡೆಯಿರಿ, ಬಾಗಿಲಿಗೆ ಒದ್ದೆ ಹಳೆ ಸೀರೆ ಕಟ್ಟಿ. ಫ್ಯಾನ್ ಹಾಕಬೇಡಿ, ಆದರೆ ಒಂದು ಕಿಟಕಿ ತೆರೆದಿರಲಿ, ವಾಸನೆ ತಲೆಗೇರುತ್ತೆ.

ಒಂದು ಅಡಿಯೊಳಗೆ ಕೈ ಇಟ್ಟು, ತೆಳ್ಳಗೆ ಹೊಡೆಯಿರಿ. ಮೊದಲ ಕೋಟ್‌ನಲ್ಲಿ ಕೆಳಗಿನ ಕಬ್ಬಿಣ ಮಬ್ಬಾಗಿ ಕಾಣುತ್ತಿರಬೇಕು. ಹತ್ತು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಹತ್ತು ನಿಮಿಷ ಬಿಟ್ಟು ಮೂರನೆಯದು. ಅಲ್ಲಿಗೆ ನಿಲ್ಲಿಸಿ. ದಪ್ಪ ಬಳಿದರೆ ಗಟ್ಟಿ ಅನ್ನುವುದು ಗೋಡೆಗೆ ಸರಿ. ಹೈ ಹೀಟ್ ಪೇಂಟ್ ದಪ್ಪವಾದರೆ ಕಾದಾಗ ಗುಳ್ಳೆ ಎದ್ದು ಬಿರಿಯುತ್ತೆ. ಅದರ ಕೆಳಗೆ ಸಾದಾ ಪ್ರೈಮರ್, ಪುಟ್ಟಿ ಯಾವುದೂ ಬೇಡ.

ಕಾಯಿಸಿ ಗಟ್ಟಿಮಾಡುವುದು

ಇದನ್ನು ಬಹಳ ಜನ ಬಿಡುತ್ತಾರೆ. ಸಿಲಿಕೋನ್ ಬಣ್ಣ ಒಣಗಿದಂತೆ ಕಂಡರೂ ಬೆಂದಿರುವುದಿಲ್ಲ. ಅದಕ್ಕೆ ಶಾಖ ಬೇಕು, ಅದೂ ಮೆಟ್ಟಿಲು ಮೆಟ್ಟಿಲಾಗಿ. ಒಂದು ದಿನ ಪೂರ್ತಿ ಗಾಳಿಗೆ ಬಿಡಿ. ಎಲ್ಲ ಜೋಡಿಸಿದ ಮೇಲೆ ಎಂಜಿನ್ ಸ್ಲೋನಲ್ಲಿ 10 ನಿಮಿಷ ಓಡಿಸಿ ನಿಲ್ಲಿಸಿ. ಕೈ ಇಡುವಷ್ಟು ತಣ್ಣಗಾಗಲಿ. ಮತ್ತೆ 20 ನಿಮಿಷ, ಮತ್ತೆ ತಣ್ಣಗೆ. ಮೂರನೇ ಸಲ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ಡಬ್ಬಿ ಮೇಲೆ ಬೇರೆ ಲೆಕ್ಕ ಕೊಟ್ಟಿದ್ದರೆ ಅದನ್ನೇ ನಡೆಸಿ. ಮೊದಲ ಎರಡು ಸಲ ಹೊಗೆ, ಕಮಟು ವಾಸನೆ ಬರುತ್ತೆ. ಹೆದರಬೇಡಿ, ಆದರೆ ಶೆಡ್ ಒಳಗೆ ಮಾಡಬೇಡಿ, ಅಂಗಳಕ್ಕೆ ತನ್ನಿ.

ಟ್ಯಾಪೆಟ್ ಕವರ್‌ನಂಥ ಬಿಡಿ ಭಾಗಕ್ಕೆ ಒಂದು ದಾರಿ ಇದೆ. ಮೋಟಾರ್ ರಿವೈಂಡಿಂಗ್ ಅಂಗಡಿಗಳಲ್ಲಿ ವಾರ್ನಿಶ್ ಒಣಗಿಸಲು ಓವನ್ ಇರುತ್ತೆ. ಬೋರ್ ಮೋಟಾರ್ ರಿಪೇರಿ ನಮ್ಮ ಊರುಗಳಲ್ಲಿ ಎಲ್ಲೆಲ್ಲೂ ಇದೆಯಲ್ಲ. ಕೇಳಿಕೊಂಡರೆ ಒಂದು ಗಂಟೆ ಇಟ್ಟುಕೊಡುತ್ತಾರೆ. ಎಂಜಿನ್ ಎನಾಮೆಲ್ ಹೀಗೆ ಹದವಾಗಿ ಕಾದರೆ ಪೆಟ್ರೋಲ್ ಹನಿ ಬಿದ್ದರೂ ತಡೆಯುವಷ್ಟು ಗಟ್ಟಿಯಾಗುತ್ತೆ. ಅಡುಗೆ ಮನೆ ಓವನ್ ಮಾತ್ರ ಮುಟ್ಟಬೇಡಿ.

100 ಕಿಲೋಮೀಟರ್ ಓಡಿದ ಮೇಲೆ ತಣ್ಣಗಿದ್ದಾಗ ಮ್ಯಾನಿಫೋಲ್ಡ್ ನಟ್‌ಗಳನ್ನು ನಡುವಿನಿಂದ ಶುರುಮಾಡಿ ಎರಡೂ ತುದಿಯವರೆಗೆ ಒಂದೊಂದಾಗಿ ಬಿಗಿ ಇದೆಯಾ ನೋಡಿ. ಹೊಸ ಗ್ಯಾಸ್ಕೆಟ್ ಕಾದು ಕೂತ ಮೇಲೆ ಅವು ಸ್ವಲ್ಪ ಸಡಿಲವಾಗುತ್ತವೆ. ಆಮೇಲೆ ಹಿಂದೆ ತೆಗೆದ ಫೋಟೋ ಪಕ್ಕ ಹಿಡಿದು ಹೋಲಿಸಿ. ನನ್ನದರಲ್ಲಿ ಈಗ ನಡುವಿನ ಬಾಯಿ ಹತ್ತಿರ ಹೆಬ್ಬೆರಳಿನಷ್ಟು ಕಂದು ಇದೆ. ಎರಡು ಬೇಸಿಗೆ ಕಳೆದರೂ ಅದು ಬೆಳೆದಿಲ್ಲ.